ಹಿಮ್ಮುಖ ದಾರಿ ಕಂಡ ವಿಜ್ಞಾನಿ ಹೋವರ್ಡ್ ಟೆಮಿನ್

ಮಕ್ಕಳೇ, ಮನೆಗೆ ಬಂದ ನೆಂಟರು ನಿಮ್ಮನ್ನು ನೋಡಿ ಮೂಗು ಅಜ್ಜನದು, ಕಣ್ಣು ಅಮ್ಮನದು ಎನ್ನುವುದನ್ನು ಕೇಳಿರುತ್ತೀರಿ. ಹಿರಿಯರಿಂದ ಬಂದ ಈ ಗುಣಗಳೆಲ್ಲ ನಮ್ಮ ಜೀವಕೋಶಗಳ ಡಿಎನ್‌ಎಯಲ್ಲಿ ಅಡಗಿವೆ. ಆದರೆ ಆ ಡಿಎನ್‌ಎಯಲ್ಲಿ ಸುಮಾರು ಶೇಕಡಾ 8ರಷ್ಟು ಭಾಗ ಬಂದದ್ದು ಅಜ್ಜನಿಂದಲೂ ಅಲ್ಲ, ಮುತ್ತಜ್ಜನಿಂದಲೂ ಅಲ್ಲ. ಲಕ್ಷಾಂತರ, ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜ ಪ್ರಾಣಿಗಳಿಗೆ ತಗುಲಿದ ವೈರಸ್‌ಗಳಿಂದ! ವೈರಸ್ ನಮ್ಮ ಡಿಎನ್‌ಎಯೊಳಗೆ ಸೇರಿಕೊಂಡದ್ದು ಹೇಗೆ? ಈ ಒಗಟನ್ನು ಬಿಡಿಸಿದವರಲ್ಲಿ ಪ್ರಮುಖರು ಹೋವರ್ಡ್ ಟೆಮಿನ್.

ಟೆಮಿನ್ ಹುಟ್ಟಿದ್ದು 1934ರ ಡಿಸೆಂಬರ್ 10ರಂದು, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ತಂದೆ ವಕೀಲರು. ಶಾಲೆಯಲ್ಲಿದ್ದಾಗಲೇ ಬೇಸಿಗೆ ರಜೆಯನ್ನು ಮೇನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ ಕಳೆದ ಹುಡುಗನಿಗೆ ಜೀವಶಾಸ್ತ್ರದ ಹುಚ್ಚು ಹಿಡಿಯಿತು. ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಓದು ಮುಗಿಸಿ, ಕ್ಯಾಲಿಫೋರ್ನಿಯಾಕ್ಕೆ ಹೋಗಿ ರೆನಾಟೊ ಡಲ್ಬೆಕೊ ಅವರ ಬಳಿ ಸಂಶೋಧನೆಗೆ ಸೇರಿದರು. ಅಲ್ಲಿ ಅವರ ಕೈಗೆ ಬಂದದ್ದು ಕೋಳಿಗಳಲ್ಲಿ ಕ್ಯಾನ್ಸರ್ ತರುವ ರೌಸ್ ವೈರಸ್. ಇದನ್ನು 1911ರಲ್ಲಿ ಪೇಟನ್ ರೌಸ್ ಕಂಡುಹಿಡಿದಿದ್ದರು.

1960ರಲ್ಲಿ ಟೆಮಿನ್ ಮ್ಯಾಡಿಸನ್‌ನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಸೇರಿದರು. ನಮ್ಮ ಹರಗೋಬಿಂದ್ ಖೊರಾನಾ ಅವರೂ ಅದೇ ವರ್ಷ ಅಲ್ಲಿಗೆ ಬಂದಿದ್ದರು. ಟೆಮಿನ್ ಅವರಿಗೆ ಸಿಕ್ಕಿದ್ದು ನೆಲಮಾಳಿಗೆಯ ಒಂದು ಪ್ರಯೋಗಾಲಯ. ಅಲ್ಲಿ ಅವರು ಒಂದು ವಿಚಿತ್ರವನ್ನು ಗಮನಿಸಿದರು. ವೈರಸ್ ತಗುಲಿದ ಕೋಶದ ರೂಪ ಬದಲಾಗುತ್ತಿತ್ತು. ಆ ಕೋಶ ಒಡೆದು ಎರಡಾದಾಗ ಮರಿ ಕೋಶಗಳಿಗೂ ಅದೇ ರೂಪ ಬರುತ್ತಿತ್ತು. ಹಾಗಾದರೆ ವೈರಸ್‌ನ ಮಾಹಿತಿ ಕೋಶದ ಡಿಎನ್‌ಎಯಲ್ಲೇ ಸೇರಿರಬೇಕಲ್ಲವೇ?

ತೊಡಕು ಇದ್ದದ್ದು ಇಲ್ಲೇ. ಆ ವೈರಸ್‌ನಲ್ಲಿ ಇರುವುದು ಡಿಎನ್‌ಎ ಅಲ್ಲ, ಆರ್‌ಎನ್‌ಎ. ಮಾಹಿತಿ ಡಿಎನ್‌ಎಯಿಂದ ಆರ್‌ಎನ್‌ಎಗೆ ಹರಿಯುತ್ತದೆಯೇ ಹೊರತು ಹಿಂದಕ್ಕೆ ಹೋಗದು ಎಂದು ಆಗಿನ ಹೆಚ್ಚಿನ ವಿಜ್ಞಾನಿಗಳು ನಂಬಿದ್ದರು. 1964ರಲ್ಲಿ ಟೆಮಿನ್ ತಮ್ಮ ವಿಚಾರವನ್ನು ಮುಂದಿಟ್ಟಾಗ ಒಪ್ಪಿದವರು ಬಲು ಕಡಿಮೆ. ಅವರ ಪುರಾವೆ ಸಾಲದು ಎಂದರು. ಟೆಮಿನ್ ಜಗಳಕ್ಕೆ ನಿಲ್ಲಲಿಲ್ಲ, ಕೈ ಕಟ್ಟಿ ಕೂರಲೂ ಇಲ್ಲ. ಆರು ವರ್ಷ ಪ್ರಯೋಗದ ಮೇಲೆ ಪ್ರಯೋಗ ಮಾಡಿದರು.

ಕೊನೆಗೆ 1970ರಲ್ಲಿ ಸತೋಶಿ ಮಿಜುತಾನಿ ಅವರೊಡನೆ ಸೇರಿ, ಆರ್‌ಎನ್‌ಎಯನ್ನು ನೋಡಿ ಡಿಎನ್‌ಎ ಬರೆಯುವ ಕಿಣ್ವವನ್ನು ವೈರಸ್‌ನೊಳಗೇ ಪತ್ತೆ ಹಚ್ಚಿದರು. ಅದೇ ಸಮಯಕ್ಕೆ ಡೇವಿಡ್ ಬಾಲ್ಟಿಮೋರ್ ಕೂಡ ಬೇರೆಯಾಗಿ ಅದನ್ನೇ ಕಂಡಿದ್ದರು. ಇಬ್ಬರ ಲೇಖನಗಳೂ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದವು. ಈ ಕಿಣ್ವವೇ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್.

ಇದರಿಂದ ಹಳೆಯ ಒಗಟೂ ಬಿಡಿಸಿತು. ಇಂಥ ವೈರಸ್ ಅಂಡಾಣು ಅಥವಾ ವೀರ್ಯಾಣುವಿನ ಡಿಎನ್‌ಎಯೊಳಗೆ ಸೇರಿದರೆ ಅದು ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತದೆ. ಕಾಲಕ್ರಮದಲ್ಲಿ ಬಹುಪಾಲು ಕೆಟ್ಟು ನಿಷ್ಕ್ರಿಯವಾಗುತ್ತವೆ. ಕೆಲವು ಉಪಕಾರಕ್ಕೂ ಬರುತ್ತವೆ. ತಾಯಿಯ ಗರ್ಭದಲ್ಲಿ ಮಗುವನ್ನು ಪೋಷಿಸುವ ಮಾಸು ಬೆಳೆಯಲು ನೆರವಾಗುವ ಸಿನ್ಸಿಟಿನ್ ಎಂಬ ಪ್ರೋಟೀನು ಒಂದು ಪುರಾತನ ವೈರಸ್‌ನ ಕೊಡುಗೆ ಎಂದು 2000ದಲ್ಲಿ ತಿಳಿಯಿತು. ಆಸ್ಟ್ರೇಲಿಯಾದ ಕೋಲಾಗಳಲ್ಲಿ ಇಂಥ ಒಂದು ವೈರಸ್ ಡಿಎನ್‌ಎಯೊಳಗೆ ಸೇರುತ್ತಿರುವುದನ್ನು ವಿಜ್ಞಾನಿಗಳು ಈಗಲೂ ನೋಡುತ್ತಿದ್ದಾರೆ. ಇನ್ನು ಕೋವಿಡ್ ಕಾಲದ ಆರ್‌ಟಿ-ಪಿಸಿಆರ್ ಪರೀಕ್ಷೆ ಎಲ್ಲರಿಗೂ ನೆನಪಿದೆ. ಅದರಲ್ಲಿನ ಆರ್‌ಟಿ ಎಂದರೆ ಇದೇ ಹಿಮ್ಮುಖ ಬರಹ!

1975ರ ಡಿಸೆಂಬರ್ 10ರಂದು, ತಮ್ಮ 41ನೆಯ ಹುಟ್ಟುಹಬ್ಬದ ದಿನವೇ, ಟೆಮಿನ್ ಅವರು ಬಾಲ್ಟಿಮೋರ್ ಮತ್ತು ಗುರು ಡಲ್ಬೆಕೊ ಅವರೊಂದಿಗೆ ನೊಬೆಲ್ ಪ್ರಶಸ್ತಿ ಪಡೆದರು. ಆ ಸಂಭ್ರಮದಲ್ಲೂ, ಸಿಗರೇಟು ಬಿಟ್ಟರೆ ಎಷ್ಟೋ ಕ್ಯಾನ್ಸರ್ ತಡೆಯಬಹುದಾದರೂ ಜನ ಬಿಡುತ್ತಿಲ್ಲವಲ್ಲ ಎಂದು ನೊಂದು ಮಾತನಾಡಿದರು. ವಿಪರ್ಯಾಸವೆಂದರೆ, ಎಂದೂ ಧೂಮಪಾನ ಮಾಡದ ಅವರಿಗೇ ಶ್ವಾಸಕೋಶದ ಕ್ಯಾನ್ಸರ್ ಬಂತು. 1994ರ ಫೆಬ್ರವರಿ 9ರಂದು, 59ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಟೆಮಿನ್ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದವರು. ಮ್ಯಾಡಿಸನ್‌ನ ಸರೋವರದ ದಂಡೆಯ ಒಂದು ದಾರಿಗೆ ಈಗ ಅವರ ಹೆಸರಿದೆ. ಮಕ್ಕಳೇ, ನೀವು ಹೇಳುವುದನ್ನು ಯಾರೂ ನಂಬದಿದ್ದಾಗ ಸಿಟ್ಟಾಗಬೇಡಿ, ಸುಮ್ಮನಾಗಲೂ ಬೇಡಿ. ಟೆಮಿನ್ ಅವರಂತೆ ಪುರಾವೆ ಹುಡುಕಿ ತನ್ನಿ.