ಲಕ್ಷ ಡಾಲರ್ ಓಟಗಾರ, ಕೈಕೊಟ್ಟ ಮೊಣಕಾಲು: ರೆಡ್ ಗ್ರೇಂಜ್ ದುಬಾರಿಯಾದರೇ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗೆ ಅಷ್ಟೊಂದು ಹಣ ಸುರಿಯಬೇಕೇ ಎಂಬ ಚರ್ಚೆ ಇಂದಿನದಲ್ಲ. ಹೆರಾಲ್ಡ್ 'ರೆಡ್' ಗ್ರೇಂಜ್ ಕಾಲದಿಂದಲೂ ಇದೆ.

1903ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ ಇಲಿನಾಯ್‌ನ ವೀಟನ್‌ನಲ್ಲಿ ಬೆಳೆದ ಗ್ರೇಂಜ್, ಬೇಸಿಗೆ ರಜೆಯಲ್ಲಿ ಮನೆಮನೆಗೆ ಐಸ್ ಹೊತ್ತು ಹಾಕುತ್ತಿದ್ದರು. 1924ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪರ ಮಿಷಿಗನ್ ವಿರುದ್ಧ ಮೊದಲ 12 ನಿಮಿಷದಲ್ಲೇ ನಾಲ್ಕು ಟಚ್‌ಡೌನ್! ರಾತ್ರೋರಾತ್ರಿ ದೇಶಕ್ಕೇ ಪರಿಚಿತರಾದರು.

1925ರ ನವೆಂಬರ್‌ನಲ್ಲಿ ಕೊನೆಯ ಕಾಲೇಜು ಪಂದ್ಯ ಮುಗಿದಿದ್ದೇ ತಡ, ಚಿಕಾಗೊ ಬೇರ್ಸ್ ಸೇರಿದರು. ಏಜೆಂಟ್ ಸಿ.ಸಿ. ಪೈಲ್ ಕುದುರಿಸಿದ್ದು ಬರೀ ಸಂಬಳವಲ್ಲ, ಟಿಕೆಟ್ ಹಣದಲ್ಲೇ ಪಾಲು. ವೃತ್ತಿಪರ ಫುಟ್‌ಬಾಲನ್ನು ಆಗ ಕೇಳುವವರಿರಲಿಲ್ಲ. ಆದರೆ ಗ್ರೇಂಜ್ ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ಗೆ ಬಂದ ದಿನ 70 ಸಾವಿರದಷ್ಟು ಜನ ಸೇರಿದರು. ನಷ್ಟದಲ್ಲಿದ್ದ ಜೈಂಟ್ಸ್ ತಂಡ ಒಂದೇ ಪಂದ್ಯದಲ್ಲಿ ಚೇತರಿಸಿಕೊಂಡಿತು. ಆ ಪ್ರವಾಸದಿಂದ ಗ್ರೇಂಜ್‌ಗೆ ಸಿಕ್ಕಿದ್ದು ಸುಮಾರು ಒಂದು ಲಕ್ಷ ಡಾಲರ್. ಕೊಟ್ಟವರೂ ಗೆದ್ದರು. ಆದರೆ ಎರಡು ವಾರದೊಳಗೆ ಎಂಟು ಪಂದ್ಯ ಆಡಿಸಿದ್ದು ಹುಚ್ಚುತನವೇ ಸರಿ. ಗ್ರೇಂಜ್ ತೋಳಿಗೆ ಪೆಟ್ಟಾಯಿತು.

1926ರಲ್ಲಿ ತಂಡದ ಮಾಲೀಕತ್ವದಲ್ಲೇ ಪಾಲು ಕೇಳಿದಾಗ ಬೇರ್ಸ್ ಒಪ್ಪಲಿಲ್ಲ. ಪೈಲ್ ಜತೆ ಸೇರಿ ಗ್ರೇಂಜ್ ಬೇರೆಯದೇ ಲೀಗ್ ಕಟ್ಟಿದರು. ಅದು ಒಂದೇ ಸೀಸನ್‌ಗೆ ಮುಚ್ಚಿತು. 1927ರಲ್ಲಿ ಅದೇ ಬೇರ್ಸ್ ವಿರುದ್ಧ ಆಡುವಾಗ ಮೊಣಕಾಲು ಕೈಕೊಟ್ಟಿತು. 1928ರಲ್ಲಿ ಆಡಲೇ ಇಲ್ಲ.

1929ರಲ್ಲಿ ಬೇರ್ಸ್ ಮತ್ತೆ ಕರೆಸಿಕೊಂಡಿತು. ಹಳೆಯ ಓಟ ಇರಲಿಲ್ಲ, ರಕ್ಷಣೆಯಲ್ಲಿ ಮಾತ್ರ ಪಳಗಿದ್ದರು. 1933ರ ಫೈನಲ್‌ನ ಕೊನೆಯ ಕ್ಷಣದಲ್ಲಿ ಎದುರಾಳಿಯನ್ನು ತಡೆದು ಪ್ರಶಸ್ತಿ ಉಳಿಸಿದ್ದು ಇದೇ ಗ್ರೇಂಜ್. 1934ರಲ್ಲಿ ನಿವೃತ್ತರಾದ ಅವರು 1991ರಲ್ಲಿ ಫ್ಲೋರಿಡಾದಲ್ಲಿ ನಿಧನರಾದರು.