ಗುಬ್ಬಿಯ ಶೆಡ್ಡಿನ ಲೇಥ್, ಗುರ್ಲಹೊಸೂರಿನ ಲಕ್ಷ್ಮಣರಾಯರು

ನಮ್ಮ ಮೆಕ್ಯಾನಿಕಲ್ ಗೆಳೆಯನೊಬ್ಬನ ಗುಬ್ಬಿ ಮನೆಯ ಹಿತ್ತಲ ಶೆಡ್ಡಿನಲ್ಲಿ ಒಂದು ಹಳೇ ಲೇಥ್ ಇದೆ. ಗುಜರಿಗೆ ಹೋಗ್ತಿದ್ದದ್ದನ್ನ ತೂಕದ ಲೆಕ್ಕದಲ್ಲಿ ತಂದು, ಭಾನುವಾರಗಳಲ್ಲಿ ಬಿಚ್ಚಿ ತೊಳೀತಿದೀವಿ. ಸೀಮೆಎಣ್ಣೆ ಹಾಕಿ ತಿಕ್ಕಿದಾಗ ಬಣ್ಣದ ಕೆಳಗಿಂದ ಒಂದು ಹೆಸರು ಎದ್ದು ಬಂತು: ಮೈಸೂರು ಕಿರ್ಲೋಸ್ಕರ್, ಹರಿಹರ. ಹೆಸರು ಎಲ್ಲರಿಗೂ ಗೊತ್ತು. ಅದರ ಹಿಂದಿನ ಮನುಷ್ಯ?

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲಾವಿದ ಆಗೋ ಆಸೆ ಹೊತ್ತು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಎರಡು ವರ್ಷ ಕಳೆದ ಮೇಲೆ ಗೊತ್ತಾಯ್ತು, ಕೆಲವು ಬಣ್ಣಗಳು ಅವರ ಕಣ್ಣಿಗೆ ಸರಿಯಾಗಿ ಕಾಣಲ್ಲ ಅಂತ. ಬಣ್ಣ ಬಿಟ್ಟರು, ಮೆಕ್ಯಾನಿಕಲ್ ಡ್ರಾಯಿಂಗ್ ಬಿಡಲಿಲ್ಲ. ಅದಕ್ಕೆ ಗೆರೆ ಸಾಕಲ್ಲ! ಅದೇ ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮೇಷ್ಟ್ರ ಕೆಲಸ ಕೊಡಿಸಿತು. ಬಿಡುವಿನಲ್ಲಿ ಯಂತ್ರಗಳನ್ನು ಬಿಚ್ಚಿ ನೋಡೋದೇ ಕೆಲಸ. ಬಡ್ತಿ ತಮಗೆ ತಪ್ಪಿ ಒಬ್ಬ ಆಂಗ್ಲೋ ಇಂಡಿಯನ್‌ಗೆ ಹೋದಾಗ ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು.

ಅಲ್ಲಿ ಅಣ್ಣನ ಜೊತೆ ಸೈಕಲ್ ಅಂಗಡಿ. ಆಮೇಲೆ ಒಂದು ಸಣ್ಣ ಲೇಥ್, ಒಂದು ಡ್ರಿಲ್ಲಿಂಗ್ ಮಷೀನ್, 2 ಅಶ್ವಶಕ್ತಿಯ ಎಣ್ಣೆ ಇಂಜಿನ್. ನಮ್ಮ ಗುಬ್ಬಿ ಶೆಡ್ಡಿಗಿಂತ ಅಂಥಾ ದೊಡ್ಡದೇನಲ್ಲ. ಮೇವು ಕತ್ತರಿಸೋ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದ್ರೆ ಭೂಮಿಗೆ ವಿಷ ಆಗುತ್ತೆ ಅಂತ ರೈತರಿಗೆ ಭಯ. ಮೊದಲ ನೇಗಿಲುಗಳು ಮಾರಾಟವಾಗೋಕೆ ಎರಡು ವರ್ಷ ಹಿಡಿಯಿತು. ಅಷ್ಟು ಹೊತ್ತಿಗೆ ನಾವಾಗಿದ್ರೆ ಸ್ಟಾರ್ಟಪ್ ಮುಚ್ಚಿ ಪ್ಲೇಸ್‌ಮೆಂಟ್‌ಗೆ ಕೂತಿರ್ತಿದ್ವಿ.

ಕೊನೆಗೆ ಬೆಳಗಾವಿಯಲ್ಲಿ ಜಾಗವನ್ನೇ ಖಾಲಿ ಮಾಡಬೇಕಾಗಿ ಬಂತು. ಔಂಧ್ ಸಂಸ್ಥಾನದ ರಾಜರು ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಜಾಗ, 10,000 ರೂಪಾಯಿ ಸಾಲ ಕೊಟ್ಟರು. 1910ರಲ್ಲಿ ಪಾಪಾಸುಕಳ್ಳಿ ಕಡಿದು ಕಟ್ಟಿದ ಆ ಊರೇ ಕಿರ್ಲೋಸ್ಕರ್‌ವಾಡಿ. ಮೊದಲ ಮಹಾಯುದ್ಧದಲ್ಲಿ ಕಬ್ಬಿಣ ಸಿಗದಾದಾಗ ಕೊಲ್ಹಾಪುರದ ಶಾಹು ಮಹಾರಾಜರು ಹಳೇ ಫಿರಂಗಿಗಳನ್ನು ಕೊಟ್ಟರು. ಅವು ಕರಗಿ ನೇಗಿಲಾದವು.

1941ರಲ್ಲಿ, ಇನ್ನೊಂದು ಯುದ್ಧದ ಮಧ್ಯೆ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯ್ತು. ಹೊರಗಿಂದ ತಂದ ಲೇಥ್‌ನಲ್ಲಿ ದುಡಿಮೆ ಶುರು ಮಾಡಿದವರ ಮನೆತನ ಈಗ ಲೇಥನ್ನೇ ತಯಾರಿಸತೊಡಗಿತು. ಲಕ್ಷ್ಮಣರಾಯರು ತೀರಿಕೊಂಡಿದ್ದು 1956ರಲ್ಲಿ.

ಹರಿಹರದ ಕಾರ್ಖಾನೆ ಈಗಿಲ್ಲ, ಬಿಡಿಭಾಗ ಎಲ್ಲಿಂದ ಬರಬೇಕು? ನಮ್ಮ ಲೇಥಿನ ಕ್ರಾಸ್ ಸ್ಲೈಡ್ ನಟ್ ಸವೆದು, ಹ್ಯಾಂಡಲ್ ಅರ್ಧ ಸುತ್ತು ಸುಮ್ಮನೆ ತಿರುಗುತ್ತೆ. ಕುಣಿಗಲ್ಲಿನ ಒಬ್ಬ ಟರ್ನರ್ ಗನ್‌ಮೆಟಲ್‌ನಲ್ಲಿ ಹೊಸದು ಮಾಡಿಕೊಡ್ತೀನಿ ಅಂದಿದ್ದಾರೆ. ಡ್ರಾಯಿಂಗ್ ಮಾತ್ರ ನಾವೇ ಬರೆದು ತರಬೇಕಂತೆ.