ಬಡವರ ವಕೀಲ ಕುದ್ಮುಲ್ ರಂಗರಾಯರು

ಅಡಿಕೆ ಮಾರಲು, ಸಾಮಾನು ತರಲು ಮಂಗಳೂರಿಗೆ ಹೋಗುವ ಸೀತಾಂಗೋಳಿ, ಬದಿಯಡ್ಕ, ಪೆರ್ಲದವರು ಅಲ್ಲಿನ ಪುರಭವನವನ್ನು ಕಂಡೇ ಇರುತ್ತಾರೆ. ಅದಕ್ಕೆ ಯಾರ ಹೆಸರಿದೆಯೋ ಆ ಕುದ್ಮುಲ್ ರಂಗರಾಯರು ನಮ್ಮ ಕಾಸರಗೋಡಿನವರೇ ಅಂತ ಎಷ್ಟು ಜನರಿಗೆ ಗೊತ್ತುಂಟು?

1859ರ ಜೂನ್ 29ರಂದು ಸಾರಸ್ವತ ಬ್ರಾಹ್ಮಣ ಮನೆಯಲ್ಲಿ ಹುಟ್ಟಿದರು. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮಂಗಳೂರಿಗೂ ನಮಗೂ ನಡುವೆ ಗಡಿ ಎಂಬುದಿರಲಿಲ್ಲ. ಹದಿನಾರರ ಪ್ರಾಯದಲ್ಲಿ ತಂದೆ ತೀರಿಕೊಂಡರು. ಮಂಗಳೂರು ಸೇರಿ ಮಾಸ್ತರಿಕೆ ಮಾಡುತ್ತಲೇ ಓದಿ, ವಕೀಲಿ ಪರೀಕ್ಷೆ ಪಾಸು ಮಾಡಿದರು. ಬಡವರ ವ್ಯಾಜ್ಯಗಳನ್ನು ಹಿಡಿದು ನಡೆಸಿದ್ದಕ್ಕೆ ಬಡವರ ವಕೀಲ ಎಂಬ ಹೆಸರು ಬಂತು.

ಆದರೆ ಕೋರ್ಟಿನ ಮೆಟ್ಟಿಲು ಹತ್ತಲೂ ಆಗದ ಜನರೂ ಇದ್ದರಲ್ಲ? ಬ್ರಹ್ಮಸಮಾಜ ಸೇರಿದ್ದ ರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಮೇಲ್ಜಾತಿಯವರ ವಿರೋಧದಿಂದ ಅದನ್ನು ಜಾಗದಿಂದ ಜಾಗಕ್ಕೆ ಸಾಗಿಸಬೇಕಾಯಿತು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಹಸಿದ ಹೊಟ್ಟೆಗೆ ಅಕ್ಷರ ಹತ್ತುವುದಿಲ್ಲವೆಂದು ಮಧ್ಯಾಹ್ನದ ಊಟ ಕೊಟ್ಟರು. ನೇಯ್ಗೆ, ಮರಗೆಲಸ ಕಲಿಸಿದರು. ಸರಕಾರದಿಂದ ಜಾಗ ಪಡೆದು ಕುಟುಂಬಗಳನ್ನು ನೆಲೆಯೂರಿಸಿದರು. ಕೃಷಿ ಮಾಡುವ ನಮಗೆ ಬೇರೆ ಹೇಳಬೇಕಾಗಿಲ್ಲ, ಕಾಲಡಿ ಸ್ವಂತ ನೆಲ ಇಲ್ಲದ ಸಂಸಾರ ಯಾವ ದಣಿಗೆ ಎದುರು ಮಾತಾಡೀತು?

ಇದಕ್ಕೆ ಬೆಲೆ ತೆತ್ತದ್ದು ಅವರ ಮನೆಯವರೂ ಹೌದು. ಜಾತಿಯವರು ಬಹಿಷ್ಕಾರ ಹಾಕಿದರು. ರಾಯರು ಜಗ್ಗಲಿಲ್ಲ. ಊರಿಗೆ ಹೇಳಿದ್ದನ್ನು ಮನೆಯಲ್ಲೂ ನಡೆಸಿದರು: ಮಗಳು ರಾಧಾಬಾಯಿ ಬೇರೆ ಜಾತಿಯ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದಾಗ ಬೆಂಬಲಕ್ಕೆ ನಿಂತರು. ಅಳಿಯ 1926ರಲ್ಲಿ ಮದ್ರಾಸಿನ ಮುಖ್ಯಮಂತ್ರಿಯಾದರು. ಮಗಳು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು. ಮೊಮ್ಮಗ ಜನರಲ್ ಕುಮಾರಮಂಗಲಂ ಭೂಸೇನೆಯ ಮುಖ್ಯಸ್ಥರಾದರು.

ಕಡೆಗಾಲದಲ್ಲಿ ರಾಯರು ಸನ್ಯಾಸ ಸ್ವೀಕರಿಸಿ, 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಕ್ರಿಯೆಯನ್ನು ದಲಿತರೇ ನಡೆಸಬೇಕೆಂಬುದು ಅವರ ಆಸೆಯಾಗಿತ್ತು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ರಾಯರ ಹೆಸರು ಗಡಿಯಾಚೆ ಕಟ್ಟಡದ ಮೇಲೆ ಉಳಿಯಿತು. ಹುಟ್ಟಿದ ನೆಲದ ಮಕ್ಕಳಿಗೂ ಅವರ ಕತೆ ಗೊತ್ತಿರಲಿ. ಕನ್ನಡದಲ್ಲಾಗಲಿ, ಮಲಯಾಳದಲ್ಲಾಗಲಿ, ಹೇಳುವವರು ನಾವೇ ಅಲ್ಲವೇ?